ಕೌಂಟರಿನ ಆ ಕಡೆ ನಿಂತ ಸೈನಿಕ

ಪೋಸ್ಟು ಸ್ವಲ್ಪ ಉದ್ದ ಆಗಿದೆ, ಪುರುಸೊತ್ತು ಮಾಡ್ಕೊಂಡು ಓದಿ.

ಎರಡನೇ ಮಹಾಯುದ್ಧ ಮುಗಿದ ಹೊಸತು. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಗ್ಯಾಲಪ್ ಅನ್ನೋ ಊರಿನ ಸರ್ಕಾರಿ ಕಚೇರಿಗೆ ಒಬ್ಬ ಯುವಕ ಗುರುತಿನ ಚೀಟಿ ಮಾಡಿಸೋಕೆ ಬರ್ತಾನೆ. ಮೈಮೇಲೆ ಮರೀನ್ ಪಡೆಯ ಸಮವಸ್ತ್ರ. ಕೌಂಟರಿನಲ್ಲಿದ್ದ ಗುಮಾಸ್ತ ಅವನನ್ನು ದಿಟ್ಟಿಸಿ ನೋಡಿ, ನೀನು ಈ ದೇಶದ ಪೂರ್ತಿ ಪ್ರಜೆ ಅಲ್ಲ, ಗೊತ್ತಲ್ಲ, ಅಂತಾನೆ.

ಆ ಯುವಕನ ಹೆಸರು ಚೆಸ್ಟರ್ ನೆಜ್. ನವಹೋ ಆದಿವಾಸಿ. ಅವರು ಮುಪ್ಪಿನಲ್ಲಿ ಬರೆಸಿದ ಆತ್ಮಕಥೆಯಲ್ಲಿ ಈ ಪ್ರಸಂಗ ಬರುತ್ತೆ. ನಾನೂ ಗುಮಾಸ್ತನೇ, ಹದಿನೆಂಟು ವರ್ಷದಿಂದ ಕೌಂಟರಿನ ಈ ಕಡೆ ಕೂತಿದ್ದೀನಿ. ಅದಕ್ಕೇ ಏನೋ, ಸೈನಿಕನಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಆ ಗುಮಾಸ್ತ.

ನೆಜ್ ಚಿಕ್ಕವರಿದ್ದಾಗ ಸರ್ಕಾರಿ ಹಾಸ್ಟೆಲ್ ಶಾಲೆಗೆ ಸೇರಿಸಿದ್ರು. ಚೆಸ್ಟರ್ ಅನ್ನೋ ಹೆಸರೂ ಶಾಲೆ ಇಟ್ಟದ್ದೇ. ಅಲ್ಲಿ ನವಹೋ ಮಾತಾಡಿದ ಮಕ್ಕಳ ಬಾಯಿಗೆ ಸೋಪು ಹಾಕಿ ತೊಳೀತಿದ್ರು. ಅವ್ವ ಕಲಿಸಿದ ಮಾತು ಅಲ್ಲಿ ಕೊಳೆ.

1942ರಲ್ಲಿ ಅದೇ ಸರ್ಕಾರಕ್ಕೆ ಅದೇ ಭಾಷೆ ಬೇಕಾಯ್ತು. ಪೆಸಿಫಿಕ್ ಸಾಗರದ ಯುದ್ಧದಲ್ಲಿ ಅಮೆರಿಕದ ಸಂಕೇತಗಳನ್ನ ಜಪಾನೀಯರು ಒಡೀತಿದ್ರು. ನವಹೋಗಳ ನಡುವೆ ಬೆಳೆದ ಮಿಷನರಿಯೊಬ್ಬರ ಮಗ ಫಿಲಿಪ್ ಜಾನ್‌ಸ್ಟನ್, ಈ ಭಾಷೆ ಬಳಸಿ ಅಂತ ಮರೀನ್ ಪಡೆಗೆ ಸೂಚಿಸಿದ. ಸೂಚನೆ ಬಿಳಿಯನದು, ನಿಜ. ಆದರೆ ಸಂಕೇತ ಕಟ್ಟಿದ್ದು ಮೊದಲ ತಂಡದ 29 ನವಹೋ ಹುಡುಗರು. ಶುರುವಿಗೆ ಸುಮಾರು 200 ಪದ, ಯುದ್ಧ ಮುಗಿಯೋ ಹೊತ್ತಿಗೆ 400 ದಾಟಿತ್ತು.

ಆಮೆ ಅಂದ್ರೆ ಟ್ಯಾಂಕು. ಮೊಟ್ಟೆ ಅಂದ್ರೆ ಬಾಂಬು. ಆಲೂಗೆಡ್ಡೆ ಅಂದ್ರೆ ಕೈಯಲ್ಲಿ ಎಸೆಯೋ ಗ್ರೆನೇಡು. ಕಬ್ಬಿಣದ ಮೀನು ಅಂದ್ರೆ ಸಬ್‌ಮರೀನು. ಪದ ಇಲ್ಲದ ಕಡೆ ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಒಂದೊಂದು ನವಹೋ ಪದ. ಕುರಿ ಕಾಯ್ತಾ, ಹೊಲ ಗೇಯ್ತಾ ಕಲಿತ ಮಾತುಗಳೇ ಯುದ್ಧದ ನಿಘಂಟಾದವು. ಅಮೆರಿಕ ದೇಶಕ್ಕೆ ಅವರು ಇಟ್ಟ ಪದ ಏನು ಗೊತ್ತಾ? 'ನಮ್ಮ ತಾಯಿ'.

ಜೋ ಕಿಯೂಮಿಯಾ ಅನ್ನೋ ನವಹೋ ಸೈನಿಕ ಫಿಲಿಪೈನ್ಸ್‌ನಲ್ಲಿ ಜಪಾನೀಯರ ಕೈಗೆ ಸಿಕ್ಕಿದ್ದರು. ರೇಡಿಯೊದಲ್ಲಿ ಕೇಳೋ ಮಾತಿಗೆ ಅರ್ಥ ಹೇಳು ಅಂತ ಚಿತ್ರಹಿಂಸೆ ಕೊಟ್ರು. ಸಂಕೇತದ ತರಬೇತಿ ಇಲ್ಲದ ಅವರಿಗೆ ಕೇಳಿಸಿದ್ದು ಬರೀ ಬಿಡಿ ಬಿಡಿ ಪದ. ಭಾಷೆ ಗೊತ್ತಿದ್ದವರಿಗೇ ಒಡೆಯೋಕೆ ಆಗದ ಸಂಕೇತ ಅದು.

1945ರ ಫೆಬ್ರವರಿ, ಇವೊ ಜಿಮಾ ದ್ವೀಪ. 5ನೇ ಮರೀನ್ ಡಿವಿಷನ್ನಿನ ಸಿಗ್ನಲ್ ಆಫೀಸರ್ ಮೇಜರ್ ಹೊವಾರ್ಡ್ ಕಾನರ್. ಇಡೀ ಡಿವಿಷನ್ನಿನ ವೈರ್‌ಲೆಸ್ಸು, ತಂತಿ, ಸಂದೇಶ ಎಲ್ಲಾ ಅವನ ಹೊಣೆ. ಸಂದೇಶ ತಪ್ಪಿದ್ರೆ ಫಿರಂಗಿ ನಮ್ಮವರ ಮೇಲೇ ಸಿಡಿಯುತ್ತೆ. ಮೊದಲ ಎರಡು ದಿನ ಅವನ ಕೈಕೆಳಗೆ ನವಹೋಗಳ ಆರು ವೈರ್‌ಲೆಸ್ ಜಾಲ ಹಗಲೂ ರಾತ್ರಿ ಕೆಲಸ ಮಾಡಿದವು. 800ಕ್ಕೂ ಹೆಚ್ಚು ಸಂದೇಶ. ಒಂದೂ ತಪ್ಪಿಲ್ಲ. ನವಹೋಗಳು ಇಲ್ಲದಿದ್ರೆ ಮರೀನ್ ಪಡೆ ಇವೊ ಜಿಮಾ ಗೆಲ್ಲುತ್ತಲೇ ಇರಲಿಲ್ಲ ಅಂತ ಆ ಆಫೀಸರೇ ಹೇಳಿದ.

ಆದರೆ ಅದು ಊರಿಗೆ ಗೊತ್ತಾಗಲಿಲ್ಲ. ಸಂಕೇತ ಗುಟ್ಟು, ಮನೆಯವರಿಗೂ ಹೇಳಬಾರದು ಅಂತ ಕಟ್ಟಪ್ಪಣೆ. ಗುಟ್ಟು ಬಯಲಾದದ್ದು 1968ರಲ್ಲಿ. ಗ್ಯಾಲಪ್ ಕಚೇರಿಯಲ್ಲಿ ಆ ಮಾತು ಕೇಳಿದಾಗ, ನಾನು ಏನು ಮಾಡಿ ಬಂದಿದ್ದೀನಿ ಗೊತ್ತಾ ಅನ್ನೋ ಹಾಗೂ ಇರಲಿಲ್ಲ ನೆಜ್‌ಗೆ.

ಕಾಯ್ದೆ ಪ್ರಕಾರ 1924ರಲ್ಲೇ ಆದಿವಾಸಿಗಳು ಅಮೆರಿಕದ ಪ್ರಜೆಗಳು. ಆದರೂ ನ್ಯೂ ಮೆಕ್ಸಿಕೊ, ಅರಿಜೋನಾ ರಾಜ್ಯಗಳು ಅವರಿಗೆ ವೋಟು ಕೊಟ್ಟಿರಲಿಲ್ಲ. ಒಂದು ಕಡೆ ತೆರಿಗೆಯ ನೆಪ, ಇನ್ನೊಂದು ಕಡೆ ನೀವು ಸರ್ಕಾರದ ಪಾಲನೆಯಲ್ಲಿರೋರು ಅನ್ನೋ ನೆಪ. 'ನಮ್ಮ ತಾಯಿ' ಮತಗಟ್ಟೆ ಬಾಗಿಲಲ್ಲೇ ತಡೆದು ನಿಲ್ಲಿಸಿದಳು. ಆ ಬಾಗಿಲು ತೆರೆದದ್ದು ಶೌರ್ಯಕ್ಕೆ ಮೆಚ್ಚಿ ಅಲ್ಲ. 1948ರಲ್ಲಿ ಮಿಗೆಲ್ ತ್ರುಹಿಯೊ, ಫ್ರಾಂಕ್ ಹ್ಯಾರಿಸನ್‌ರಂಥವರು ಕೋರ್ಟಿಗೆ ಹೋಗಿ ಗೆದ್ದರು. ಅವರೂ ಯುದ್ಧದಿಂದ ಮರಳಿದ ಆದಿವಾಸಿ ಸೈನಿಕರೇ. ಮೊದಲ 29 ಜನರಿಗೆ ಚಿನ್ನದ ಪದಕ ಕೊಟ್ಟದ್ದು 2001ರಲ್ಲಿ. ಆಗ ಬದುಕಿದ್ದವರು ಐದೇ ಜನ. ಅವರಲ್ಲಿ ಕೊನೆಯವರಾದ ನೆಜ್ 2014ರಲ್ಲಿ ತೀರಿಕೊಂಡರು.

ಬೇಕಾದಾಗ ಕರೆಯೋದು, ಮುಗಿದ ಮೇಲೆ ಮರೆಯೋದು ನಮಗೇನು ಹೊಸದಾ? 19ನೇ ಶತಮಾನದ ಕೊನೆಯಲ್ಲಿ ಬ್ರಿಟಿಷರು ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿದರು. ಮೊದಲ ಮಹಾಯುದ್ಧಕ್ಕೆ ಜನ ಬೇಕಾದಾಗ ತೆರೆದರು, ಯುದ್ಧ ಮುಗಿದ ಮೇಲೆ ಆ ಪಡೆಯನ್ನೇ ವಿಸರ್ಜಿಸಿದರು. ಮತ್ತೆ 1941ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. ಅದರ ಹಿಂದೆ ಬಾಬಾಸಾಹೇಬರ ಒತ್ತಾಯ ಇತ್ತು. ಬ್ರಿಟಿಷರ ಸೈನ್ಯಕ್ಕೆ ನಮ್ಮ ಹುಡುಗರನ್ನ ಯಾಕೆ ಸೇರಿಸಿದ್ರು ಅಂತ ಈಗಲೂ ಕೆಲವು ಸಂಗಾತಿಗಳು ಕೇಳ್ತಾರೆ. ಸುಬೇದಾರ್ ರಾಮ್‌ಜಿಯವರ ಮಗನಿಗೆ ಸಮವಸ್ತ್ರ, ಸಂಬಳ, ಅಕ್ಷರ ಒಂದು ಮನೆಗೆ ಏನು ಕೊಡುತ್ತೆ ಅಂತ ಗೊತ್ತಿತ್ತು. ಅದು ಸಾಕಾಗಲ್ಲ ಅನ್ನೋದೂ ಗೊತ್ತಿತ್ತು. ಅದಕ್ಕೇ ಮತದ ಹಕ್ಕಿಗೆ, ಪ್ರಾತಿನಿಧ್ಯಕ್ಕೆ ಕೊನೇತನಕ ಬಡಿದಾಡಿದ್ರು.

ಈಗ ನನ್ನ ವಿಷಯ. ಐದನೇ ಕ್ಲಾಸಲ್ಲಿ ಪಾಠ ಓದುವಾಗ 'ಹಸು' ಅನ್ನೋಕೆ 'ಅಸು' ಅಂದೆ. ನಮ್ಮ ಕೇರೀಲಿ ಎಲ್ಲರೂ ಹಂಗೇ ಅನ್ನೋದು. ಮೇಷ್ಟ್ರು ನಿಲ್ಲಿಸಿ ಹತ್ತು ಸಲ 'ಹ' ಹೇಳಿಸಿದ್ರು. ಇಡೀ ಕ್ಲಾಸು ನಗ್ತಿತ್ತು. ಆಮೇಲೆ ಆ ವರ್ಷ ಪೂರ್ತಿ ನಾನು ಗಟ್ಟಿಯಾಗಿ ಓದಲೇ ಇಲ್ಲ.

ಹೋದ ವರ್ಷ ನಮ್ಮ ಕಚೇರಿಗೆ ಒಬ್ಬ ಅಜ್ಜಿ ಪಿಂಚಣಿ ಅರ್ಜಿ ಹಿಡ್ಕೊಂಡು ಬಂದಿತ್ತು. ಹೆಸರೇನಮ್ಮ ಅಂದೆ. "ಒನ್ನಮ್ಮ ಕಪ್ಪ" ಅಂತು. "ಒನ್ನಮ್ಮನೋ ಹೊನ್ನಮ್ಮನೋ, ಸರಿಯಾಗಿ ಹೇಳಮ್ಮ" ಅಂತ ಗದರಿದೆ. ಪಕ್ಕದ ಟೇಬಲ್ಲಿನವರು ನಕ್ಕರು. ನಾನೂ ನಕ್ಕೆ. ಅಜ್ಜಿ ಸೆರಗಲ್ಲಿ ಬಾಯಿ ಒರೆಸ್ಕೊಂಡು, "ನಿಂಗ ಎಂಗ್ ಬೇಕೋ ಅಂಗ ಬರ್ಕೊ ಮಗ" ಅಂತು.

ಹೊನ್ನಮ್ಮ ಅಂತಲೇ ಬರೆದೆ, ಆಧಾರ್‌ನಲ್ಲಿ ಹಾಗೇ ಇತ್ತು. ಬರೆದದ್ದು ತಪ್ಪಲ್ಲ. ನಕ್ಕದ್ದು ತಪ್ಪು. ಐದನೇ ಕ್ಲಾಸಿನ ಮೇಷ್ಟ್ರು ನನ್ನ ಕುರ್ಚಿಯಲ್ಲೇ ಕೂತಿದ್ದರು, ನನಗೇ ಗೊತ್ತಾಗಿರಲಿಲ್ಲ. ನೆಜ್ ಅವರ ಪ್ರಸಂಗ ಓದಿದ ರಾತ್ರಿ ಆ ಅಜ್ಜಿ ನೆನಪಾಗಿ ನಿದ್ದೆ ಬರಲಿಲ್ಲ.

ನಮ್ಮಲ್ಲಿ ಇವತ್ತು ಬಹಳ ಜನ ಕೌಂಟರಿನ ಈ ಕಡೆ ಇದ್ದೀವಿ. ಈ ಕುರ್ಚಿ ಸುಮ್ಮನೆ ಬಂದದ್ದಲ್ಲ. ಬಾಬಾಸಾಹೇಬರು ಇದನ್ನ ಕೊಡಿಸಿದ್ದು, ಆ ಕಡೆ ನಿಂತ ನಮ್ಮವ್ವಂದಿರ ಬಾಯಿಗೆ ನಾವೇ ಸೋಪು ಹಾಕಲಿ ಅಂತ ಅಲ್ಲ.

ಜೈ ಭೀಮ್.