ಗಂಗಾ ತಾಲಾವಿನ ನೆರೆಯ ಗುಲಾಬಿ ಪಾರಿವಾಳ

ಮಾರಿಷಸ್ ದ್ವೀಪಕ್ಕೆ ಹೋದ ಶಿವಭಕ್ತರು ಗಂಗಾ ತಾಲಾವಿನ ದರ್ಶನ ಪಡೆಯದೆ ಹಿಂದಿರುಗುವುದಿಲ್ಲ. ಮಹಾಶಿವರಾತ್ರಿಗೆ ಲಕ್ಷಾಂತರ ಜನ ಕಾವಡಿ ಹೊತ್ತು ಈ ಸರೋವರಕ್ಕೆ ನಡೆದು ಬರುತ್ತಾರೆ. ೧೮೩೪ರಿಂದ ಕಬ್ಬಿನ ತೋಟಗಳ ದುಡಿಮೆಗೆಂದು ಕರಾರಿನ ಮೇಲೆ ಸಾಗಿಸಲ್ಪಟ್ಟ ಭಾರತೀಯರ ಸಂತತಿಯವರೇ ಇವರಲ್ಲಿ ಹೆಚ್ಚು. ಅಷ್ಟು ಬವಣೆಯಲ್ಲಿಯೂ ಆ ಜನ ಶಿವನನ್ನು ಮರೆಯಲಿಲ್ಲವೆಂಬುದನ್ನು ಕಂಡು ನಮ್ಮ ಮನಸ್ಸು ತುಂಬಿ ಬಂದಿತು. ಆದರೆ ನಾವು ಬರೆಯಹೊರಟಿರುವುದು ಸರೋವರಕ್ಕೆ ಹೊಂದಿಕೊಂಡ ಕಾಡಿನ ಒಂದು ಹಕ್ಕಿಯನ್ನು ಕುರಿತು.

ಅದು ಗುಲಾಬಿ ಪಾರಿವಾಳ. ತಲೆ, ಕೊರಳು, ಎದೆಗಳಿಗೆ ನಸುಗೆಂಪು, ರೆಕ್ಕೆ ಕಂದು, ಬಾಲ ಕಾವಿಯ ಬಣ್ಣ. ಮಠದ ಗೋಪುರದ ಪಾರಿವಾಳದಂತೆ ಜನರ ನಡುವೆ ಬಾಳುವ ಹಕ್ಕಿ ಇದಲ್ಲ. ಕಾಡಿನ ಮರಗಳ ಎಲೆ, ಮೊಗ್ಗು, ಹೂ, ಹಣ್ಣುಗಳನ್ನು ತಿಂದು ಜೀವಿಸುವಂಥದು. ಸಹಜವಾಗಿ ಮಾರಿಷಸ್ಸಿನ ಹೊರತು ಬೇರೆಲ್ಲಿಯೂ ಇಲ್ಲ. ಹದಿನೇಳನೆಯ ಶತಮಾನದಲ್ಲಿ ಅಳಿದುಹೋದ ಡೋಡೋ ಪಕ್ಷಿಯೂ ಈ ಪಾರಿವಾಳದ ಕುಲದ್ದೇ ಎಂಬುದು ಅನೇಕರಿಗೆ ತಿಳಿಯದು.

ಡಚ್ಚರು ಕರಿಮರಕ್ಕಾಗಿ ಕಾಡು ಕಡಿದರು. ಮುಂದೆ ಕಬ್ಬಿಗಾಗಿ ಉಳಿದುದೂ ಹೋಯಿತು. ಇಂದು ಒಳ್ಳೆಯ ಸ್ಥಿತಿಯಲ್ಲಿರುವ ಮೂಲ ಅರಣ್ಯ ದ್ವೀಪದ ಶೇಕಡಾ ೨ರಷ್ಟೂ ಇಲ್ಲ. ಇದರ ಮೇಲೆ ಇಲಿ, ಬೆಕ್ಕು, ಮುಂಗುಸಿ, ಮಂಗಗಳ ಕಾಟ. ಇವೆಲ್ಲ ಮನುಷ್ಯರೊಡನೆ ಹಡಗಿನಲ್ಲಿ ಬಂದವು. ಅದಕ್ಕೆ ಮೊದಲು ಅಲ್ಲಿ ಬಾವಲಿಯ ಹೊರತು ನೆಲದ ಸಸ್ತನಿಯೇ ಇರಲಿಲ್ಲವಾದ್ದರಿಂದ ಈ ಪಾರಿವಾಳಕ್ಕೆ ಶತ್ರುವಿನ ಪರಿಚಯವೇ ಇಲ್ಲ. ಕಡ್ಡಿಗಳ ಸಡಿಲ ಗೂಡಿನಲ್ಲಿ ಎರಡು ಬಿಳಿ ಮೊಟ್ಟೆಗಳನ್ನಿಟ್ಟು ನಿಶ್ಚಿಂತೆಯಿಂದ ಕೂರುತ್ತದೆ. ೧೯೯೦ರ ಸುಮಾರಿಗೆ ಕಾಡಿನಲ್ಲಿ ಉಳಿದವು ಹತ್ತರಷ್ಟು ಮಾತ್ರ.

ಜೆರಾಲ್ಡ್ ಡರೆಲ್ ಎಂಬ ಪ್ರಾಣಿಪ್ರಿಯರು ೧೯೭೬ರಲ್ಲಿ ಇಲ್ಲಿಗೆ ಬಂದ ಬಳಿಕ ಸಾಕಿ ಮರಿ ಮಾಡಿಸುವ ಕೆಲಸ ನಡೆಯಿತು. ಸಾಧು ಜಾತಿಯ ಬೇರೆ ಪಾರಿವಾಳಗಳಿಂದ ಕಾವು ಕೊಡಿಸಿ, ಗುಟುಕು ಉಣಿಸಿ ಬೆಳೆಸಿದ ಮರಿಗಳನ್ನು ೧೯೮೭ರಿಂದ ಕಾಡಿಗೆ ಬಿಟ್ಟರು. ೧೯೯೪ರಲ್ಲಿ ಬ್ಲ್ಯಾಕ್ ರಿವರ್ ಗಾರ್ಜಸ್ ರಾಷ್ಟ್ರೀಯ ಉದ್ಯಾನವಾಯಿತು. ತೀರದಾಚೆಯ ೨೬ ಹೆಕ್ಟೇರಿನ ಈಲ್ ಒ ಎಗ್ರೆಟ್ ಎಂಬ ನಡುಗಡ್ಡೆಯಲ್ಲಿ ಇಲಿ, ಬೆಕ್ಕುಗಳನ್ನು ನಿರ್ಮೂಲ ಮಾಡಿ ಹಕ್ಕಿಗಳನ್ನು ನೆಲೆಗೊಳಿಸಿದರು.

ನಿರ್ಮೂಲವೆಂಬ ಈ ಮಾತು ನಮಗೆ ಸುಲಭವಾಗಿ ಜೀರ್ಣವಾಗಲಿಲ್ಲ. ದಯೆಯನ್ನೇ ಧರ್ಮದ ಬೇರೆಂದು ಕಲಿತು ಬಂದವರು ನಾವು. ಇಲಿಯ ಜೀವವೂ ಜೀವವೇ. ಆದರೆ ಇಲಿಗೆ ಲೋಕವೆಲ್ಲ ಮನೆ. ಈ ಹಕ್ಕಿಗೆ ಇದೊಂದೇ ದ್ವೀಪ. ಇಲಿಯನ್ನು ಅಲ್ಲಿಗೆ ಒಯ್ದವರು ನಾವು ಮನುಷ್ಯರು. ಅದರ ಪಾಪ ಹಕ್ಕಿಯ ತಲೆಗೇಕೆ? ಇಷ್ಟು ಯೋಚಿಸಿಯೂ ಮನಸ್ಸಿಗೆ ಪೂರ್ಣ ಸಮಾಧಾನವಾಯಿತೆಂದು ಹೇಳಲಾರೆವು.

ಇನ್ನೊಂದು ಸಂಗತಿ ನೇರವಾಗಿ ಭಕ್ತರಿಗೇ ಸಂಬಂಧಿಸಿದ್ದು. ಸರೋವರದ ದಡದಲ್ಲಿ ಅರ್ಪಿಸಿದ ಹಣ್ಣುಹಂಪಲು ಮಂಗಗಳ ಪಾಲಾಗುತ್ತದೆ. ಜನ ಪುಣ್ಯವೆಂದು ಬಗೆದು ಕೈಯಾರೆ ಉಣಿಸುವುದೂ ಉಂಟು. ಹಾಗೆ ಕೊಬ್ಬಿದ ಮಂಗಗಳಿಗೆ ಪಕ್ಕದ ಕಾಡಿನ ಗೂಡು ದೂರವೇ? ಹಣ್ಣನ್ನು ಅರ್ಪಿಸಿದವರು ಅದನ್ನು ಪ್ರಸಾದವಾಗಿ ಮನೆಗೊಯ್ದರೆ ಭಕ್ತಿಗೇನೂ ಕುಂದಿಲ್ಲ.

ಈಗ ಕಾಡಿನ ಹಕ್ಕಿಗಳು ನಾಲ್ಕೈನೂರರಷ್ಟಾಗಿವೆ. ೨೦೧೮ರಲ್ಲಿ ಅಪಾಯದ ಪಟ್ಟಿಯಲ್ಲಿ ಒಂದು ಮೆಟ್ಟಿಲು ಮೇಲೇರಿದವು. ಆದರೆ ಎಲ್ಲವೂ ಕೆಲವೇ ಹಕ್ಕಿಗಳ ಸಂತಾನವಾದುದರಿಂದ ಸಂತತಿ ಬಲಹೀನವಾಗಿದೆ, ಗಂಟಲಿನ ರೋಗವೊಂದು ಮರಿಗಳನ್ನು ಕೊಲ್ಲುತ್ತಿದೆ. ಯುರೋಪಿನ ಮೃಗಾಲಯಗಳಲ್ಲಿ ಉಳಿದ ಬೇರೆ ರಕ್ತದ ಹಕ್ಕಿಗಳೊಡನೆ ಕೂಡಿಸಬೇಕೆಂಬುದು ತಜ್ಞರ ಅಭಿಮತ. ಅಲ್ಲಿಯವರೆಗೆ ಸೇವಕರು ಕಾಡಿನೊಳಗೆ ಗೋದಿ, ಮೆಕ್ಕೆಜೋಳದ ನುಚ್ಚು ಇಟ್ಟು, ಕಾಲಿನ ಬಣ್ಣದ ಉಂಗುರ ನೋಡಿ ಒಂದೊಂದು ಹಕ್ಕಿಯ ಲೆಕ್ಕವನ್ನೂ ಬರೆದಿಡುತ್ತಿದ್ದಾರೆ.