ಡಿ ಡ್ರೈವಿನಲ್ಲಿದ್ದ ನಾಲ್ಕು ತಾಲ್ಲೂಕುಗಳು

ಇದನ್ನು ಬರೆಯಬೇಕು ಅಂದುಕೊಂಡು ಬಹಳ ದಿನವಾಯಿತು. ಬರೆದರೆ ಸಾಫ್ಟ್‌ವೇರ್ ಇಂಜಿನಿಯರ್ ಅನ್ನಿಸಿಕೊಂಡ ನನ್ನ ಮರ್ಯಾದೆ ಹೋಗುತ್ತದೆ ಅಂತ ಸುಮ್ಮನಿದ್ದೆ. ಇರಲಿ, ನಿಮ್ಮ ಮುಂದೆ ಏನು ಮುಚ್ಚುಮರೆ!

2025ರ ದೀಪಾವಳಿಗೆ ಬಸವನ ಬಾಗೇವಾಡಿಯ ಮನೆಗೆ ಹೋಗಿದ್ದೆ. ಬ್ಯಾಗು ಕೆಳಗಿಡುವ ಮೊದಲೇ ಅಪ್ಪ ಶುರು ಮಾಡಿದರು. "ತಮ್ಮಾ, ಲ್ಯಾಪ್‌ಟಾಪಿನ್ಯಾಗ ಏನೋ ಬರಾಕತ್ತೈತಿ ನೋಡು. ಇದರ ಆಯುಷ್ಯ ಮುಗೀತು ಅಂತೈತಿ."

ನೋಡಿದರೆ, ವಿಂಡೋಸ್ 10ಕ್ಕೆ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ ಎನ್ನುವ ಸೂಚನೆ. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಚಿಪ್ ಬೇಕು. ನಮ್ಮದು ನಾನು ಕಾಲೇಜಿನಲ್ಲಿದ್ದಾಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ, ವಿಂಡೋಸ್ 7 ಕಾಲದ ಲ್ಯಾಪ್‌ಟಾಪ್. 4 ಜಿಬಿ ರ‍್ಯಾಮ್. ಬ್ಯಾಟರಿ ಸತ್ತು ವರ್ಷಗಳಾಗಿವೆ, ಕರೆಂಟು ಹೋದರೆ ಅದೂ ಹೋಯಿತು.

"ಒಂದು ತಾಸಿನ ಕೆಲಸ ಅಪ್ಪಾ. ವಿಂಡೋಸ್ ತೆಗೆದು ಲಿನಕ್ಸ್ ಮಿಂಟ್ ಹಾಕಿಬಿಡ್ತೀನಿ" ಎಂದೆ.

ಅಪ್ಪ ಒಪ್ಪಲಿಲ್ಲ. "ನನ್ನ ನುಡಿ ಎಲ್ಲಿ ಹೋಗ್ತೈತಿ? ಹೊಸ ಮನಿ ಕಟ್ಟಿದ ಮ್ಯಾಲ ಹಳೇದು ಕೆಡವತಾರೋ, ಮೊದಲ ಕೆಡವತಾರೋ?"

ಅಪ್ಪನ ಬಗ್ಗೆ ಸ್ವಲ್ಪ ಹೇಳಬೇಕು. ಅವರು ಪ್ರಾಥಮಿಕ ಶಾಲೆ ಮಾಸ್ತರರಾಗಿದ್ದರು. ಮೊದಲು ಇಂಡಿ ತಾಲ್ಲೂಕು, ಆಮೇಲೆ ಸಿಂದಗಿ, ಮುದ್ದೇಬಿಹಾಳ, ಕೊನೆಗೆ ಬಾಗೇವಾಡಿ. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಹೊರತಂದ ಸೀಮೆ ನಮ್ಮದು, ಅದರ ಗಾಳಿ ಅಪ್ಪನಿಗೂ ಬಡಿದಿತ್ತು. ಹೋದ ಊರಿನಲ್ಲೆಲ್ಲ ಬೀಸುವ ಹಾಡು, ಹಂತಿ ಹಾಡು, ಮೊಹರಂ ಪದ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನಿವೃತ್ತಿಯಾದ ಮೇಲೆ ಒಂದೊಂದೇ ಬೆರಳಿನಿಂದ ನುಡಿಯಲ್ಲಿ ಟೈಪ್ ಮಾಡಿದರು. ಡಿ ಡ್ರೈವಿನಲ್ಲಿ ನಾಲ್ಕು ತಾಲ್ಲೂಕಿನ ಹೆಸರಿನ ನಾಲ್ಕು ಫೋಲ್ಡರುಗಳು. ಮುದ್ದೇಬಿಹಾಳದ ಫೋಲ್ಡರಿನಲ್ಲಿರುವುದು ನಮ್ಮಜ್ಜಿಯ ಹಾಡುಗಳು, ಅದು ಅವಳ ತವರು. ಅಜ್ಜಿ ಈಗಿಲ್ಲ. ಆ ನೋಟ್‌ಬುಕ್ಕುಗಳನ್ನು ಗೆದ್ದಲು ತಿಂದು ಹಾಕಿದೆ.

ಸರಿ, ಎರಡೂ ಇರಲಿ, ಡ್ಯುಯಲ್ ಬೂಟ್ ಮಾಡೋಣ ಎಂದೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದೆ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಲಿನಕ್ಸ್‌ನಿಂದ ಅದರ ಡ್ರೈವ್ ಮುಟ್ಟುವುದು ಅಪಾಯ. ಆಮೇಲೆ ಪಾರ್ಟಿಷನ್ ನೋಡಿದೆ. ಎಂಬಿಆರ್ ಎನ್ನುವ ಹಳೆಯ ಪದ್ಧತಿಯ ಡಿಸ್ಕ್ ಅದು. ಅದರಲ್ಲಿ ಪ್ರೈಮರಿ ಪಾರ್ಟಿಷನ್ ನಾಲ್ಕೇ ಇರಬಹುದು. ಸಿಸ್ಟಮ್ ರಿಸರ್ವ್ಡ್, ಸಿ, ಡಿ, ರಿಕವರಿ... ನಾಲ್ಕೂ ತುಂಬಿದ್ದವು. ಜಾಗ ಇದ್ದರೂ ಐದನೆಯದಕ್ಕೆ ಬಾಗಿಲಿಲ್ಲ. ಡಿ ಅಳಿಸಿ, ಅಲ್ಲಿ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಮಾಡಿ, ಅದರೊಳಗೆ ಮಿಂಟ್‌ಗೂ ಹೊಸ ಡಿ ಡ್ರೈವಿಗೂ ಜಾಗ ಹಂಚುವುದೊಂದೇ ದಾರಿ.

ಡಿಯಲ್ಲಿದ್ದದ್ದನ್ನೆಲ್ಲ ನನ್ನ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದೆ. ನಾಲ್ಕು ಹೆಸರು ಕಂಡವು. ಸಾಕು ಎಂದುಕೊಂಡೆ. ಡಿ ಅಳಿಸಿದೆ. ಕರೆಂಟು ಹೋಗದಿರಲಪ್ಪಾ ಎಂದು ಬೇಡಿಕೊಳ್ಳುತ್ತ ಪೆನ್ ಡ್ರೈವಿನಿಂದ ಮಿಂಟ್ ಇನ್‌ಸ್ಟಾಲ್ ಮಾಡಿದೆ. ದೇವರು ದೊಡ್ಡವನು, ಹೋಗಲಿಲ್ಲ. ಗ್ರಬ್ ಪರದೆಯಲ್ಲಿ ಮಿಂಟ್, ಅದರ ಕೆಳಗೆ ವಿಂಡೋಸ್. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಿಂಟ್‌ನಲ್ಲಿ ಕೂತು ಫೋಲ್ಡರುಗಳನ್ನು ವಾಪಸ್ ಹಾಕುವಾಗ ಎದೆ ಧಸಕ್ ಅಂದಿತು. ಇಂಡಿ ಇದೆ, ಸಿಂದಗಿ ಇದೆ, ಬಾಗೇವಾಡಿ ಇದೆ. ಮುದ್ದೇಬಿಹಾಳ ಫೋಲ್ಡರೇ ಅಲ್ಲ! ಒಂದೆರಡು ಕೆಬಿಯ ಒಂದು ಶಾರ್ಟ್‌ಕಟ್ ಫೈಲು. ವಿಂಡೋಸ್‌ನಲ್ಲಿ ಅದರ ಮೂಲೆಯಲ್ಲಿದ್ದ ಸಣ್ಣ ಬಾಣವನ್ನು ನಾನು ಗಮನಿಸಿಯೇ ಇರಲಿಲ್ಲ.

ಪಕ್ಕದಲ್ಲೇ ಅಪ್ಪ ಚುರುಮುರಿ ತಿನ್ನುತ್ತ ಕೂತಿದ್ದರು. ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ರೀಬೂಟ್ ಮಾಡಿ ವಿಂಡೋಸ್‌ಗೆ ಹೋದೆ. ಆ ಹಳೆ ಯಂತ್ರ ಏಳಲು ತಗೊಂಡ ಸಮಯ ಇದೆಯಲ್ಲ, ಇಂಜಿನಿಯರಿಂಗ್ ರಿಸಲ್ಟಿಗೂ ನಾನು ಅಷ್ಟು ಬೆವತಿರಲಿಲ್ಲ. ಸಿ ಡ್ರೈವಿನ ಡಾಕ್ಯುಮೆಂಟ್ಸ್ ತೆರೆದೆ. ಇತ್ತು. ಅಜ್ಜಿಯ ಅಷ್ಟೂ ಹಾಡುಗಳು ಅಲ್ಲಿದ್ದವು.

"ಅದು ಮೊದಲಿಂದಾನೂ ಅಲ್ಲೇ ಐತಲ್ಲೋ. ಲಗೂ ಸಿಗಲಿ ಅಂತ ಡಿಯೊಳಗ ಒಂದು ದಾರಿ ಮಾಡಿಟ್ಟಿದ್ದೆ" ಅಂದರು ಅಪ್ಪ, ಚುರುಮುರಿ ಬಿಡದೆ.

ನಾನು ಮೊದಲು ಹೇಳಿದಂತೆ ಡಿಸ್ಕ್ ಪೂರ್ತಿ ಅಳಿಸಿದ್ದರೆ? ಉಳಿಯುತ್ತಿದ್ದದ್ದು ಇಲ್ಲದ ಮನೆಗೆ ಹೋಗುವ ಒಂದು ದಾರಿ ಅಷ್ಟೇ. ಉಳಿಸಿದ್ದು ನನ್ನ ಡಿಗ್ರಿಯಲ್ಲ, ಅಪ್ಪನ ಹಳೇ ಮನೆಯ ಮಾತು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಮಿಂಟ್‌ನಲ್ಲಿ ಫೈಲು ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಟೋಪಿ, ಬಾಲ ಬಂದಂತೆ ಕಾಣುತ್ತದೆ. ಅಪ್ಪ ಬಳಸಿದ್ದು ಯೂನಿಕೋಡ್ ಅಲ್ಲ, ಹಳೆಯ ಆಸ್ಕಿ ಫಾಂಟು. ಆ ಫಾಂಟು ಹಾಕಿದರೆ ಕನ್ನಡ ಕಾಣುತ್ತದೆ, ಆದರೆ ಕಂಪ್ಯೂಟರಿನ ಲೆಕ್ಕಕ್ಕೆ ಅದು ಕನ್ನಡವಲ್ಲ. ಕನ್ನಡದಲ್ಲಿ ಹುಡುಕಿದರೆ ಸಿಗದು. ಕನ್ನಡ 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಇದ್ದರೂ ನಮ್ಮ ಎಷ್ಟೋ ಬರಹ ಇನ್ನೂ ಹೀಗೇ ಬಂದಿಯಾಗಿದೆ. ಕನ್ವರ್ಟರ್‌ಗಳಿವೆ, ಆದರೆ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ತಪ್ಪುತ್ತವೆ. ಆಡುಮಾತಿನ ಹಾಡಿನಲ್ಲಿ ಯಾವುದು ತಪ್ಪು, ಯಾವುದು ನಮ್ಮೂರ ಉಚ್ಚಾರ ಎಂದು ಅಪ್ಪನೇ ಹೇಳಬೇಕು. ಹಾಗಾಗಿ ವಿಂಡೋಸ್‌ನಲ್ಲಿ ಮೂಲವನ್ನು ಪ್ರಿಂಟ್ ತೆಗೆದು, ಮಿಂಟ್‌ನಲ್ಲಿ ಅದನ್ನು ನೋಡುತ್ತ ತಿದ್ದುತ್ತಾರೆ. ನುಡಿಯಲ್ಲಿದ್ದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಇರುವುದರಿಂದ ಅವರ ಬೆರಳಿಗೆ ತೊಂದರೆಯಾಗಲಿಲ್ಲ.

ನಾನು ಬೆಂಗಳೂರಿಗೆ ಬಂದ ಮೇಲೆ ಒಂದು ದೂರು ಬಂತು. "ವಿಂಡೋಸ್‌ನ್ಯಾಗ ಗಡಿಯಾರ ಐದೂವರಿ ತಾಸು ಹಿಂದ ಓಡಾಕತ್ತೈತಿ." ಲಿನಕ್ಸ್ ಯಂತ್ರದ ಗಡಿಯಾರವನ್ನು ಯುಟಿಸಿಯಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ಫೋನಿನಲ್ಲೇ ಒಂದು ಕಮಾಂಡ್ ಹೇಳಿ ಸರಿ ಮಾಡಿಸಿದೆ.

ಮೊನ್ನೆ ಮುದ್ದೇಬಿಹಾಳದ ಫೋಲ್ಡರ್ ಮುಗಿಯಿತಂತೆ. ಸರ್ಚ್‌ನಲ್ಲಿ 'ತವರ' ಎಂದು ಹೊಡೆದರೆ ಅಜ್ಜಿಯ ಹಾಡುಗಳು ಸಾಲಾಗಿ ಬಂದವಂತೆ. ಫೋನಿನಲ್ಲಿ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇನ್ನ ಮೂರು ತಾಲ್ಲೂಕು ಉಳದಾವ ನೋಡು" ಅಂದರು.

ಅಲ್ಲಿವರೆಗೆ ವಿಂಡೋಸ್ ಇಂಟರ್ನೆಟ್ ಇಲ್ಲದೆ ಗ್ರಬ್‌ನ ಕೆಳಗಿನ ಸಾಲಿನಲ್ಲಿರಲಿ. ನಿಮ್ಮ ಮನೆಯಲ್ಲೂ ಇಂಥ ಹಳೇ ಲ್ಯಾಪ್‌ಟಾಪ್ ಇದ್ದರೆ, ಕಾಪಿ ಮಾಡಿದ ಮೇಲೆ ಹೆಸರು ನೋಡಿ ಸುಮ್ಮನಾಗಬೇಡಿ, ಒಂದೊಂದನ್ನೂ ತೆರೆದು ನೋಡಿ. ಸಣ್ಣ ಬಾಣದ ಗುರುತನ್ನಂತೂ ಮರೆಯಬೇಡಿ :-)