ಲಾರಿಯ ಮುಖದಲ್ಲಿದ್ದ ಇಸವಿ

ನಮ್ಮ ಮನೆಯ ದೇವರ ಗೂಡಿನ ಪಕ್ಕ ಅಂಗೈಯಗಲದ ಒಂದು ಫೋಟೋ ಇದೆ. ಲಾರಿಯ ಮಡ್‌ಗಾರ್ಡ್ ಮೇಲೆ ಐದಾರು ವರ್ಷದ ಹುಡುಗ, ಪಕ್ಕದಲ್ಲಿ ಡ್ರೈವರ್ ಆಗಿದ್ದ ನಮ್ಮ ಅಜ್ಜ. ಅಜ್ಜ ತೀರಿಕೊಂಡ ಮೇಲೆ ಲಾರಿ ಮಾಲೀಕರ ಮನೆಯವರು ತಂದುಕೊಟ್ಟರಂತೆ. ಹುಡುಗ ನಮ್ಮ ದೊಡ್ಡಪ್ಪ ಎಂದು ಅಜ್ಜಿ ಹೇಳಿದರು. 1946ರಲ್ಲಿ ಸಿಡುಬಿಗೆ ಹೋದ ಹಿರಿಮಗ. ಅಂದಿನಿಂದ ಫೋಟೋಗೆ ದಿನಾ ಹೂವು. ಅಜ್ಜಿಯ ನಂತರ ಅತ್ತೆ ಹಾಕುತ್ತಿದ್ದಾರೆ.

ಹೋದ ತಿಂಗಳು ಫೋಟೋಗೆ ಗೆದ್ದಲು ಹತ್ತಿತು. ಹಾಳಾಗುವ ಮುಂಚೆ ಉಳಿಸಿಕೊಳ್ಳೋಣ ಎಂದು ನಾವು ಅಕ್ಕ ತಮ್ಮ ಮೊಬೈಲಿನಲ್ಲಿ ತೆಗೆದು ಹಿಗ್ಗಿಸಿದೆವು. ಬಾನೆಟ್ಟಿನ ಮೇಲೆ ಶೆವ್ರೊಲೆ ಎಂಬ ಹೆಸರು ಕಂಡಿತು. ಅಮೆರಿಕದ ಲಾರಿ. 1928ರಿಂದಲೇ ಬೊಂಬಾಯಿಯಲ್ಲಿ ಇವನ್ನು ಜೋಡಿಸಿ ಮಾರುತ್ತಿದ್ದರು. ಯಾವ ಇಸವಿಯದ್ದಿರಬಹುದು ಎಂದು ಹುಡುಕಲು ಕೂತೆವು.

ಅಮೆರಿಕದಲ್ಲಿ ಇದನ್ನು ಕ್ಯಾಬಿನ್ ನೋಡಿಯೇ ಹೇಳುತ್ತಾರೆ. 1951ರಲ್ಲಿ ಬಾಗಿಲಿನ ಗಾಜಿನ ಪಕ್ಕ ಗಾಳಿಗೆಂದು ತಿರುಗುವ ಚಿಕ್ಕ ಗಾಜು ಬಂತು. 1952ರಲ್ಲಿ ತಿರುಗಿಸುವ ಹಿಡಿಕೆ ಹೋಗಿ ಒತ್ತುವ ಗುಂಡಿ ಬಂತು. 1954ರಲ್ಲಿ ಎರಡು ತುಂಡಾಗಿದ್ದ ಮುಂದಿನ ಗಾಜು ಒಂದೇ ಆಯಿತು. ಆದರೆ ಅಜ್ಜನ ಲಾರಿಯ ಕ್ಯಾಬಿನ್ ಇಲ್ಲಿನ ಬಡಗಿಗಳು ಮರದಲ್ಲಿ ಕಟ್ಟಿದ್ದು. ಅದಕ್ಕೆ ಆ ಬಾಗಿಲೂ ಇಲ್ಲ, ಆ ಗಾಜೂ ಇಲ್ಲ.

ಕಂಪನಿಯದ್ದು ಅಂತ ಉಳಿದಿದ್ದು ಲಾರಿಯ ಮುಖ ಮಾತ್ರ. ಯುದ್ಧದ ಕಾಲದ ಶೆವ್ರೊಲೆಗೆ ಗ್ರಿಲ್ಲಿನ ಕೆಳಭಾಗದಲ್ಲಿ ನಿಂತ ಪಟ್ಟಿಗಳು, ಹೆಡ್‌ಲೈಟು ಮಡ್‌ಗಾರ್ಡಿನ ಮೇಲೆ ಕೂತಿರುತ್ತಿತ್ತು. ನಮ್ಮ ಫೋಟೋದಲ್ಲಿ ಐದು ಅಡ್ಡಪಟ್ಟಿ, ಹೆಡ್‌ಲೈಟು ಮಡ್‌ಗಾರ್ಡಿನೊಳಗೇ ಸೇರಿಕೊಂಡಿದೆ. ಆ ಮುಖ ಬಂದಿದ್ದು 1947ರ ನಡುವಿನಲ್ಲಿ. 1953ರವರೆಗೆ ಹಾಗೇ ಇತ್ತು, 1954ಕ್ಕೆ ಗ್ರಿಲ್ ಬದಲಾಯಿತು.

ಇಬ್ಬರೂ ಸುಮ್ಮನಾದೆವು. ಆ ಲಾರಿ ಹುಟ್ಟಿದ್ದೇ ದೊಡ್ಡಪ್ಪ ಹೋದ ಮೇಲೆ.

ಫೋಟೋ ಯಾವಾಗ ತೆಗೆದದ್ದು ಅಂತ ಲಾರಿ ಹೇಳುವುದಿಲ್ಲ. ಯಾವಾಗಿನ ಮುಂಚೆ ಅಲ್ಲ ಅನ್ನುವುದನ್ನಷ್ಟೇ ಹೇಳುತ್ತದೆ. ಹುಡುಗ ಯಾರು ಅನ್ನುವುದನ್ನಂತೂ ಹೇಳುವುದಿಲ್ಲ. ಆದರೆ ಅಪ್ಪ ಹುಟ್ಟಿದ್ದು 1949ರಲ್ಲಿ. ಅಪ್ಪ ಇನ್ನೂ ಗಟ್ಟಿಯಾಗಿದ್ದಾರೆ. ಬದುಕಿರುವವರ ಫೋಟೋಗೆ ಹೂವಿನ ಹಾರ!

ಹೇಳುವುದೋ ಬೇಡವೋ ಎಂದು ಎರಡು ದಿನ ಒದ್ದಾಡಿ ಕೊನೆಗೆ ಅತ್ತೆಗೆ ಹೇಳಿದೆವು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅಪ್ಪನನ್ನು ಕರೆದು, "ಈ ಕಿವಿ ನಿಂದೇ ಕಣೋ" ಎಂದು ನಕ್ಕರು. ತಾವೇ ಹೂವು ತೆಗೆದರು. ತೆಗೆದ ಹೂವನ್ನು ಎಲ್ಲಿಡುವುದು ಎಂದು ಗೊತ್ತಾಗದೆ ಕೈಯಲ್ಲೇ ಹಿಡಿದುಕೊಂಡು, "ಹಂಗಾದ್ರೆ ಅಣ್ಣಂದು ಒಂದು ಫೋಟೋನೂ ಇಲ್ಲದಂಗಾಯ್ತು" ಅಂದರು.

ಅದಕ್ಕೆ ನಮ್ಮ ಹತ್ತಿರ ಉತ್ತರವಿರಲಿಲ್ಲ. ಈಗ ಹೂವು ಬರೀ ಗೂಡಿನ ಅಂಚಿನಲ್ಲಿ ಇರುತ್ತದೆ, ಯಾವ ಫೋಟೋಗೂ ಅಲ್ಲ.

ನಿಮ್ಮ ಮನೆಯ ಹಳೇ ಫೋಟೋದಲ್ಲೂ ಲಾರಿಯೋ ಬಸ್ಸೋ ಇದ್ದರೆ ಅದರ ಮುಖ ಒಮ್ಮೆ ನೋಡಿ. ಮನೆಯಲ್ಲಿ ಹಿರಿಯರು ಇನ್ನೂ ಇದ್ದರೆ ಮೊದಲು ಅವರನ್ನು ಕೇಳಿ.